ಬೊಜ್ಜಿನ ಬಿ.ಪಿ., ಮೆದುಳಿನ ಉರಿಯೂತ ಮತ್ತು ಗಿಡಮೂಲಿಕೆ: ಓದುಗರ ಪ್ರಶ್ನೆ, ವೈದ್ಯರ ಉತ್ತರ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಎರಡು ವಿಷಯಗಳನ್ನು ಕುರಿತಿವೆ. ದಪ್ಪಗಾದರೆ ರಕ್ತದೊತ್ತಡ ಏಕೆ ಏರುತ್ತದೆ ಎಂಬುದು ಒಂದು. ಮೆದುಳಿನ ಉರಿಯೂತವನ್ನು ಗಿಡಮೂಲಿಕೆಗಳಿಂದ ಇಳಿಸಬಹುದೆಂಬ ಮಾತು ಎಷ್ಟರಮಟ್ಟಿಗೆ ನಿಜ ಎಂಬುದು ಇನ್ನೊಂದು. ಮೇಲ್ನೋಟಕ್ಕೆ ಬೇರೆ ಬೇರೆ ಎನಿಸಿದರೂ ಇವೆರಡರ ನಡುವೆ ನಂಟಿರುವುದನ್ನು ಕಳೆದ ಎರಡು ದಶಕಗಳ ಸಂಶೋಧನೆ ತೋರಿಸಿರುವುದರಿಂದ ಒಟ್ಟಿಗೇ ಉತ್ತರಿಸುತ್ತಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಿ, ಬರೆದವರ ಹೆಸರುಗಳನ್ನು ಬಿಡಲಾಗಿದೆ.

ಪ್ರಶ್ನೆ: ನನಗೆ 46 ವರ್ಷ, ಎತ್ತರ 165 ಸೆಂ.ಮೀ., ತೂಕ 88 ಕೆ.ಜಿ. ಕಳೆದ ತಿಂಗಳು ಬಿ.ಪಿ. 150/96 ಬಂತು. ಕೊಲೆಸ್ಟರಾಲ್ ಸರಿಯಾಗಿಯೇ ಇದೆ. ಹಾಗಿರುವಾಗ ಕೊಬ್ಬಿಗೂ ಬಿ.ಪಿ.ಗೂ ಏನು ಸಂಬಂಧ? ವೈದ್ಯರು ತೂಕ ಇಳಿಸಿ ಎಂದಷ್ಟೇ ಹೇಳಿ ಮಾತ್ರೆ ಬರೆದುಕೊಟ್ಟರು. (ದಾವಣಗೆರೆ)

ಉತ್ತರ: ರಕ್ತದಲ್ಲಿರುವ ಕೊಬ್ಬು ನಾಳಗಳೊಳಗೆ ಮೆತ್ತಿಕೊಂಡು ದಾರಿ ಕಿರಿದಾಗಿ ಒತ್ತಡ ಏರುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ನಿಮ್ಮ ಪ್ರಶ್ನೆಯ ಹಿಂದೆಯೂ ಅದೇ ಎಣಿಕೆ ಇರುವಂತಿದೆ. ಬೊಜ್ಜಿನಿಂದ ಬರುವ ಬಿ.ಪಿ.ಯಲ್ಲಿ ಕೊಲೆಸ್ಟರಾಲಿನ ಪಾತ್ರ ಚಿಕ್ಕದು. ಮುಖ್ಯ ಪಾತ್ರಧಾರಿಗಳು ಮೂತ್ರಪಿಂಡ ಮತ್ತು ಮೆದುಳು. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಿಂದ ನಡೆದುಬಂದಿರುವ ಹೃದಯ ಅಧ್ಯಯನದ ಅಂದಾಜಿನಂತೆ, ಬೇರೆ ಕಾಯಿಲೆಯ ಕಾರಣವಿಲ್ಲದೆ ಬರುವ ಏರುರಕ್ತದೊತ್ತಡದಲ್ಲಿ ಗಂಡಸರಲ್ಲಿ ಸುಮಾರು ಶೇ 78, ಹೆಂಗಸರಲ್ಲಿ ಸುಮಾರು ಶೇ 65 ಭಾಗಕ್ಕೆ ಹೆಚ್ಚುವರಿ ತೂಕವೇ ಹೊಣೆ.

ಇದು ನಡೆಯುವ ಬಗೆ ಹೀಗಿದೆ. ಹೊಟ್ಟೆಯೊಳಗಿನ ಕೊಬ್ಬು ಮೂತ್ರಪಿಂಡಗಳ ಸುತ್ತಲೂ ಕೂಡಿಕೊಂಡು ಅವುಗಳನ್ನು ಹೊರಗಿನಿಂದ ಅದುಮುತ್ತದೆ. ಕೊಬ್ಬಿನ ಕೋಶಗಳು ರಕ್ತನಾಳಗಳನ್ನು ಬಿಗಿಯುವ ಆಂಜಿಯೊಟೆನ್ಸಿನ್‌ನ ಕಚ್ಚಾ ರೂಪವನ್ನು ತಾವೇ ತಯಾರಿಸುತ್ತವೆ, ಅಡ್ರಿನಲ್ ಗ್ರಂಥಿಯಿಂದ ಉಪ್ಪನ್ನು ಹಿಡಿದಿಡುವ ಆಲ್ಡೊಸ್ಟಿರೋನ್ ಹಾರ್ಮೋನು ಹೆಚ್ಚಾಗಿ ಸುರಿಯುತ್ತದೆ, ದೇಹವನ್ನು ಎಚ್ಚರದಲ್ಲಿಡುವ, ಮೂತ್ರಪಿಂಡಕ್ಕೆ ಹೋಗುವ ಸಿಂಪಥೆಟಿಕ್ ನರಗಳು ಹಗಲೂ ರಾತ್ರಿ ಚುರುಕಾಗಿಯೇ ಇರುತ್ತವೆ. ಈ ಎಲ್ಲವೂ ಸೇರಿ ಮೂತ್ರದಲ್ಲಿ ಹೊರಹೋಗಬೇಕಾದ ಉಪ್ಪನ್ನು ಮೂತ್ರಪಿಂಡ ಹಿಡಿದಿಟ್ಟುಕೊಳ್ಳುವಂತೆ ಮಾಡುತ್ತವೆ. ಉಪ್ಪಿನ ಜೊತೆ ನೀರೂ ನಿಲ್ಲುತ್ತದೆ. ಅಷ್ಟು ಉಪ್ಪನ್ನು ಹೊರದೂಡಲು ದೇಹಕ್ಕೆ ಮೊದಲಿಗಿಂತ ಹೆಚ್ಚಿನ ಒತ್ತಡ ಬೇಕಾಗುತ್ತದೆ.

ನರಗಳನ್ನು ಹಾಗೆ ಚುರುಕಾಗಿಟ್ಟಿರುವುದು ಯಾವುದು ಎಂಬುದಕ್ಕೆ ಸಿಕ್ಕ ಉತ್ತರ ಸ್ವಾರಸ್ಯವಾದದ್ದು. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದ ಜೆಫ್ರಿ ಫ್ರೀಡ್‌ಮನ್ ಅವರ ತಂಡ 1994ರಲ್ಲಿ ಲೆಪ್ಟಿನ್ ಎಂಬ ಹಾರ್ಮೋನಿನ ಜೀನನ್ನು ಪತ್ತೆಹಚ್ಚಿತು. ಇದನ್ನು ಸ್ರವಿಸುವುದು ಕೊಬ್ಬಿನ ಕೋಶಗಳೇ. ಮೆದುಳಿನ ತಳಭಾಗದ ಹೈಪೊಥಲಾಮಸ್‌ಗೆ ಹೋಗಿ 'ದಾಸ್ತಾನು ಸಾಕಷ್ಟಿದೆ, ಊಟ ಸಾಕು' ಎಂದು ತಿಳಿಸುವುದು ಇದರ ಕೆಲಸ. ಬೊಜ್ಜಿರುವವರಲ್ಲಿ ಲೆಪ್ಟಿನ್ ಧಾರಾಳವಾಗಿಯೇ ಇರುತ್ತದೆ, ಆದರೆ ಹಸಿವನ್ನು ತಣಿಸುವ ಅದರ ಮಾತಿಗೆ ಮೆದುಳು ಕಿವಿಗೊಡುವುದಿಲ್ಲ. ವಿಚಿತ್ರವೆಂದರೆ, ನರಗಳನ್ನು ಕೆರಳಿಸಿ ರಕ್ತದೊತ್ತಡ ಏರಿಸುವ ಅದರ ಇನ್ನೊಂದು ಮಾತು ಮಾತ್ರ ಎಂದಿನಂತೆ ತಲುಪುತ್ತಲೇ ಇರುತ್ತದೆ. ಹೈಪೊಥಲಾಮಸ್‌ನಲ್ಲಿ ಈ ಸಂದೇಶ ಸಾಗುವ ದಾರಿಯಲ್ಲಿ ಎಂಸಿ4ಆರ್ ಎಂಬ ಗ್ರಾಹಕ, ಎಂದರೆ ಸಂದೇಶವನ್ನು ಹಿಡಿದುಕೊಳ್ಳುವ ಪ್ರೋಟೀನು, ಇದೆ. ಹುಟ್ಟಿನಿಂದಲೇ ಈ ಗ್ರಾಹಕ ಕೆಟ್ಟಿರುವವರು ವಿಪರೀತ ದಪ್ಪಗಿದ್ದರೂ ಅವರ ರಕ್ತದೊತ್ತಡ ಅಷ್ಟೇ ದಪ್ಪಗಿರುವ ಇತರರಿಗಿಂತ ಕಡಿಮೆ ಇರುವುದನ್ನು ಕೇಂಬ್ರಿಜ್‌ನ ಸಂಶೋಧಕರು 2009ರಲ್ಲಿ ತೋರಿಸಿದರು. ಎಂದರೆ ತೂಕ ತಾನಾಗಿಯೇ ಬಿ.ಪಿ. ಏರಿಸುವುದಿಲ್ಲ; ಮೆದುಳಿನ ಈ ದಾರಿ ತೆರೆದಿದ್ದರೆ ಏರಿಸುತ್ತದೆ. ನಮ್ಮಲ್ಲಿ ಬಹುತೇಕ ಎಲ್ಲರಿಗೂ ಅದು ತೆರೆದೇ ಇರುವುದರಿಂದ ನಿಮ್ಮ ವೈದ್ಯರ ಸಲಹೆ ಸರಿಯಾಗಿಯೇ ಇದೆ, ಅವರು ವಿವರಿಸಲು ಇನ್ನೆರಡು ನಿಮಿಷ ಕೊಡಬಹುದಿತ್ತು ಅಷ್ಟೆ.

ರಾತ್ರಿ ಜೋರಾಗಿ ಗೊರಕೆ ಹೊಡೆಯುತ್ತೀರಾ, ನಡುನಡುವೆ ಉಸಿರು ನಿಂತಂತಾಗುತ್ತದೆಯೇ ಎಂದು ಮನೆಯವರನ್ನು ಕೇಳಿ. ನಿದ್ರೆಯಲ್ಲಿ ಉಸಿರುಗಟ್ಟುವ ತೊಂದರೆ ಬೊಜ್ಜಿರುವವರಲ್ಲಿ ಸಾಮಾನ್ಯ. ಮೂರು ಬಗೆಯ ಮಾತ್ರೆ ಕೊಟ್ಟರೂ ಬಿ.ಪಿ. ಇಳಿಯದವರಲ್ಲಿ ಅನೇಕ ವೇಳೆ ಇದೇ ಕಾರಣವಾಗಿರುತ್ತದೆ. ತೂಕ ಇಳಿಸಿದರೆ ಸಿಗುವ ಲಾಭದ ಬಗ್ಗೆ ಹೇಳುವುದಾದರೆ, 25 ಪ್ರಯೋಗಗಳನ್ನು ಒಟ್ಟುಗೂಡಿಸಿ 2003ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ ಪ್ರತಿ ಕಿಲೋಗೆ ಮೇಲಿನ ಮತ್ತು ಕೆಳಗಿನ ಎರಡೂ ಅಂಕಿಗಳು ಹೆಚ್ಚುಕಡಿಮೆ ಒಂದೊಂದು ಮಿಲಿಮೀಟರ್ ಇಳಿದಿದ್ದವು. ನೀವು ಆರೇಳು ಕಿಲೋ ಇಳಿಸಿದರೆ ಒಂದು ಮಾತ್ರೆಯ ಕೆಲಸಕ್ಕೆ ಹತ್ತಿರದ ಫಲ ಸಿಕ್ಕೀತು. 150/96ಕ್ಕೆ ಅದೊಂದೇ ಸಾಲದು, ಆದ್ದರಿಂದ ಮಾತ್ರೆಯನ್ನು ತೂಕ ಇಳಿಯುವವರೆಗೆ ಮುಂದೂಡಬೇಡಿ.

ಪ್ರಶ್ನೆ: ನನ್ನ ತೂಕ 64 ಕೆ.ಜಿ., ಎತ್ತರ 162 ಸೆಂ.ಮೀ. ನೋಡಿದವರು ಯಾರೂ ದಪ್ಪ ಎನ್ನುವುದಿಲ್ಲ, ಹೊಟ್ಟೆ ಮಾತ್ರ ಮುಂದಿದೆ. ನನಗೂ ಇದು ಅನ್ವಯಿಸುತ್ತದೆಯೇ? (ಹುಬ್ಬಳ್ಳಿ)

ಉತ್ತರ: ಅನ್ವಯಿಸುತ್ತದೆ. ನಿಮ್ಮ ದೇಹತೂಕ ಸೂಚ್ಯಂಕ 24.4. ಪಾಶ್ಚಾತ್ಯರ ಲೆಕ್ಕದಲ್ಲಿ 25ರವರೆಗೆ ಸಹಜವಾದರೂ ಭಾರತೀಯರಿಗೆ 23 ದಾಟಿದರೆ ಅಧಿಕ ತೂಕ, 25 ದಾಟಿದರೆ ಬೊಜ್ಜು ಎಂದು ನಮ್ಮ ತಜ್ಞರು 2009ರಲ್ಲಿಯೇ ಒಪ್ಪಿಕೊಂಡಿದ್ದಾರೆ, ಏಕೆಂದರೆ ಅಷ್ಟೇ ತೂಕಕ್ಕೆ ನಮ್ಮ ದೇಹದಲ್ಲಿ ಸ್ನಾಯು ಕಡಿಮೆ, ಹೊಟ್ಟೆಯೊಳಗಿನ ಕೊಬ್ಬು ಹೆಚ್ಚು. ಸೊಂಟದ ಸುತ್ತಳತೆ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದ ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಪ್ರಕಟಿಸಿದ ಅಂಕಿಗಳಲ್ಲಿ ಸಾಮಾನ್ಯ ಬೊಜ್ಜು ಶೇ 28.6 ಇದ್ದರೆ ಹೊಟ್ಟೆಯ ಬೊಜ್ಜು ಶೇ 39.5 ಇತ್ತು, ಏರುರಕ್ತದೊತ್ತಡ ಶೇ 35.5. ನಿಮ್ಮಂತೆ 'ದಪ್ಪಗಿಲ್ಲ, ಹೊಟ್ಟೆ ಮಾತ್ರ' ಎನ್ನುವವರ ಸಂಖ್ಯೆ ದೊಡ್ಡದಿದೆ ಎಂಬುದನ್ನು ಈ ಅಂತರವೇ ಹೇಳುತ್ತದೆ.

ಟೇಪನ್ನು ಪ್ಯಾಂಟಿನ ಬೆಲ್ಟ್ ಕಟ್ಟುವ ಜಾಗದಲ್ಲಿ ಹಿಡಿಯಬೇಡಿ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಯ ಮೇಲಂಚಿಗೂ ನಡುಮಧ್ಯೆ, ಉಸಿರು ಸಹಜವಾಗಿ ಹೊರಬಿಟ್ಟ ಮೇಲೆ, ಬರಿಮೈ ಮೇಲೆ ಅಳೆಯಬೇಕು. ಬಿ.ಪಿ. ನೋಡುವಾಗಲೂ ಇಂಥದೇ ಎಚ್ಚರ ಬೇಕು: ಐದು ನಿಮಿಷ ಸುಮ್ಮನೆ ಕುಳಿತು, ಬೆನ್ನಿಗೆ ಒರಗು ಕೊಟ್ಟು, ಪಾದಗಳನ್ನು ನೆಲಕ್ಕೆ ಊರಿ, ತೋಳನ್ನು ಎದೆಯ ಮಟ್ಟದಲ್ಲಿ ಮೇಜಿನ ಮೇಲಿಟ್ಟು, ಮಾತಾಡದೆ ನೋಡಿಸಿಕೊಳ್ಳಿ. ತೋಳು ದಪ್ಪಗಿರುವವರಿಗೆ ಇನ್ನೊಂದು ವಿಷಯ. ತೋಳಿಗೆ ಸುತ್ತುವ ಪಟ್ಟಿ ಚಿಕ್ಕದಾದರೆ ಅಂಕಿ ಸುಳ್ಳಾಗಿ ಏರುತ್ತದೆ. ಅತಿ ದೊಡ್ಡ ಪಟ್ಟಿ ಬೇಕಾದವರಿಗೆ ಸಾಧಾರಣ ಪಟ್ಟಿಯನ್ನೇ ಸುತ್ತಿ ನೋಡಿದಾಗ ಮೇಲಿನ ಅಂಕಿ ಸರಾಸರಿ 19.5 ಮಿಲಿಮೀಟರ್ ಹೆಚ್ಚು ಬಂದದ್ದನ್ನು 2023ರಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ನಡೆಸಿದ ಪ್ರಯೋಗ ದಾಖಲಿಸಿದೆ. ನಮ್ಮ ಅನೇಕ ಚಿಕಿತ್ಸಾಲಯಗಳಲ್ಲಿ ಇರುವುದು ಒಂದೇ ಪಟ್ಟಿ. ದೊಡ್ಡದು ಇದೆಯೇ ಎಂದು ಕೇಳಲು ಸಂಕೋಚ ಪಡಬೇಡಿ.

ಪ್ರಶ್ನೆ: ಎಣ್ಣೆ ಪದಾರ್ಥ ಹೆಚ್ಚು ತಿಂದರೆ ಮೆದುಳಿನಲ್ಲಿ ಉರಿಯೂತ ಆಗುತ್ತದೆ ಎಂದು ಓದಿ ಭಯವಾಯಿತು. ಇದು ಮೆದುಳು ಜ್ವರವೇ? ನಮ್ಮ ಕಡೆ ಮಕ್ಕಳಿಗೆ ಮೆದುಳು ಜ್ವರದ ಲಸಿಕೆ ಹಾಕುತ್ತಾರೆ. (ಕೋಲಾರ)

ಉತ್ತರ: ಎರಡೂ ಸಂಪೂರ್ಣ ಬೇರೆ. ಮೆದುಳು ಜ್ವರ ಸೋಂಕಿನಿಂದಲೋ, ದೇಹದ ರಕ್ಷಣಾ ವ್ಯವಸ್ಥೆ ಹಠಾತ್ತನೆ ತನ್ನದೇ ಮೆದುಳಿನ ಮೇಲೆ ತಿರುಗಿಬೀಳುವುದರಿಂದಲೋ ಬರುವ ತುರ್ತು ಕಾಯಿಲೆ. ನಿಮ್ಮ ಕಡೆ ಲಸಿಕೆ ಹಾಕುವುದು ಸೊಳ್ಳೆಯಿಂದ ಹರಡುವ ಜಪಾನೀಸ್ ಎನ್‌ಸೆಫಲೈಟಿಸ್‌ಗೆ. ಜ್ವರದ ಜೊತೆ ಫಿಟ್ಸ್, ತಡವರಿಕೆ, ಎಚ್ಚರ ತಪ್ಪುವುದು, ಕೆಲವೇ ದಿನಗಳಲ್ಲಿ ನಡವಳಿಕೆ ಪೂರ್ತಿ ಬದಲಾಗುವುದು ಕಂಡರೆ ಯಾವ ಕಷಾಯಕ್ಕೂ ಕಾಯದೆ ದೊಡ್ಡ ಆಸ್ಪತ್ರೆಗೆ ಹೋಗಬೇಕು.

ನೀವು ಓದಿರುವುದು ಜ್ವರವಿಲ್ಲದ, ನೋವಿಲ್ಲದ, ಹೊರಗೆ ಏನೂ ಕಾಣಿಸದ ಮಂದ ಉರಿಯೂತದ ಬಗ್ಗೆ. ಮೆದುಳಿನ ಕಾವಲು ಕೋಶಗಳಾದ ಮೈಕ್ರೋಗ್ಲಿಯಾಗಳು ಕೆರಳಿ ರಾಸಾಯನಿಕಗಳನ್ನು ಸ್ರವಿಸುತ್ತಿರುವ ಸ್ಥಿತಿ ಅದು. ಕೊಬ್ಬು ತುಂಬಿದ ಆಹಾರ ತಿಂದ ಇಲಿಗಳ ಹೈಪೊಥಲಾಮಸ್‌ನಲ್ಲಿ ಇದು ಕಂಡುಬರುತ್ತದೆ ಎಂದು ಬ್ರೆಜಿಲ್‌ನ ಕ್ಯಾಂಪಿನಾಸ್‌ನಲ್ಲಿ ಲಿಸಿಯೊ ವೆಲ್ಲೊಸೊ ಅವರ ತಂಡ 2005ರಲ್ಲಿ ವರದಿ ಮಾಡಿತು. ಅಮೆರಿಕದ ಸಿಯಾಟಲ್‌ನ ಸಂಶೋಧಕರು 2012ರಲ್ಲಿ ಇನ್ನೂ ಅಚ್ಚರಿಯ ಸಂಗತಿ ಹೇಳಿದರು: ಇಲಿಗಳ ತೂಕ ಏರುವ ಮೊದಲೇ, ಆಹಾರ ಬದಲಾಗಿ ಮೂರು ದಿನ ಕಳೆಯುವುದರೊಳಗೆ ಉರಿಯೂತದ ಗುರುತುಗಳು ಕಾಣಿಸಿಕೊಂಡವು, ನಡುವೆ ಕೆಲಕಾಲ ತಗ್ಗಿದವು, ಕೆಲವೇ ವಾರಗಳಲ್ಲಿ ಮರಳಿ ಬಂದು ನೆಲೆಯೂರಿದವು. ಅದೇ ತಂಡ ಬೊಜ್ಜಿರುವ ಮನುಷ್ಯರ ಎಂ.ಆರ್.ಐ. ಚಿತ್ರಗಳಲ್ಲಿಯೂ ಆ ಭಾಗದಲ್ಲಿ ಗಾಯದ ಕಲೆಯಂಥ ಬದಲಾವಣೆಯನ್ನು ಗುರುತಿಸಿತು.

ಬಿ.ಪಿ.ಗೆ ಇದರ ನಂಟು ಸಿಕ್ಕಿದ್ದು ನ್ಯೂಯಾರ್ಕಿನ ಆಲ್ಬರ್ಟ್ ಐನ್‌ಸ್ಟೀನ್ ವೈದ್ಯಕೀಯ ಕಾಲೇಜಿನಲ್ಲಿ. ಅಲ್ಲಿನ ಡಾಂಗ್‌ಶೆಂಗ್ ಕಾಯ್ ಅವರ ತಂಡ ಇಲಿಗಳ ಹೈಪೊಥಲಾಮಸ್‌ನಲ್ಲಿ ಉರಿಯೂತದ ಸ್ವಿಚ್ಚನ್ನು ಮಾತ್ರ ಒತ್ತಿದಾಗ ತೂಕ ಏರದಿದ್ದರೂ ರಕ್ತದೊತ್ತಡ ಏರಿತೆಂದು, ಆ ಸ್ವಿಚ್ಚನ್ನು ತಡೆದಾಗ ದಪ್ಪ ಇಲಿಗಳ ಬಿ.ಪಿ. ಇಳಿಯಿತೆಂದು 2011ರಲ್ಲಿ ಪ್ರಕಟಿಸಿತು. ಇಷ್ಟರಿಂದ ನೀವು ಹಬ್ಬದ ದಿನ ಒಂದು ಒಬ್ಬಟ್ಟಿಗೆ ತುಪ್ಪ ಹಾಕಿಕೊಂಡು ತಿಂದದ್ದಕ್ಕೆ ಭಯಪಡಬೇಕಾಗಿಲ್ಲ. ಆ ಇಲಿಗಳ ಆಹಾರದಲ್ಲಿ ಶಕ್ತಿಯ ಅರ್ಧಕ್ಕಿಂತ ಹೆಚ್ಚು ಭಾಗ ಕೊಬ್ಬಿನಿಂದಲೇ ಬರುವಂತೆ ಮಾಡಲಾಗಿರುತ್ತದೆ, ಅದೂ ದಿನದಿನವೂ.

ಪ್ರಶ್ನೆ: ನಮ್ಮ ಅಮ್ಮನಿಗೆ 68 ವರ್ಷ. ಬಿ.ಪಿ.ಗೆ ಆಮ್ಲೋಡಿಪಿನ್ 5 ಮಿ.ಗ್ರಾಂ. ತೆಗೆದುಕೊಳ್ಳುತ್ತಾರೆ. ವರ್ಷದಿಂದ ಮರೆವು ಹೆಚ್ಚಿದೆ. ಸಂಬಂಧಿಕರೊಬ್ಬರು ಅರಿಶಿನ ಮತ್ತು ಕಾಳುಮೆಣಸಿನ ಸತ್ವದ ಕ್ಯಾಪ್ಸೂಲು, ಬ್ರಾಹ್ಮಿ, ಅಶ್ವಗಂಧ ಮೂರನ್ನೂ ತಂದುಕೊಟ್ಟಿದ್ದಾರೆ. ಮೆದುಳಿನ ಉರಿಯೂತ ಹೋಗುತ್ತದಂತೆ. ಕೊಡಬಹುದೇ? ಬಿ.ಪಿ. ಮಾತ್ರೆ ನಿಲ್ಲಿಸಿ ಇದನ್ನೇ ಕೊಡಿ ಎಂದೂ ಅವರು ಹೇಳುತ್ತಾರೆ. (ಶಿರಸಿ)

ಉತ್ತರ: ಕೊನೆಯ ಮಾತಿಗೆ ಮೊದಲು ಉತ್ತರ: ಮಾತ್ರೆಯನ್ನು ಖಂಡಿತ ನಿಲ್ಲಿಸಬೇಡಿ. ಉಳಿದದ್ದನ್ನು ಒಂದೊಂದಾಗಿ ನೋಡೋಣ.

ಅರಿಶಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಎಂಬ ವಸ್ತು ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕೋಶಗಳಲ್ಲಿಯೂ ಇಲಿಗಳಲ್ಲಿಯೂ ಉರಿಯೂತವನ್ನು ತಗ್ಗಿಸುತ್ತದೆ. ಈ ಬಗ್ಗೆ ಸಾವಿರಾರು ಪ್ರಬಂಧಗಳಿವೆ. ತೊಡಕಿರುವುದು ಅದು ಮನುಷ್ಯನ ಮೆದುಳಿಗೆ ತಲುಪುವುದರಲ್ಲಿ. ಕರುಳು ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ, ಹೀರಿಕೊಂಡದ್ದನ್ನು ಯಕೃತ್ತು ಕೂಡಲೇ ಬದಲಾಯಿಸಿ ಹೊರಹಾಕುತ್ತದೆ. ಕಾಳುಮೆಣಸಿನ ಸಂಗತಿ ಇಲ್ಲಿ ಬರುತ್ತದೆ, ಮತ್ತು ಅದರ ಮೂಲ ನಮ್ಮ ಬೆಂಗಳೂರಿನಲ್ಲಿಯೇ ಇದೆ. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧವಿಜ್ಞಾನ ವಿಭಾಗದವರು 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 2 ಗ್ರಾಂ ಕರ್ಕ್ಯುಮಿನ್ ನುಂಗಿದ ಆರೋಗ್ಯವಂತರ ರಕ್ತದಲ್ಲಿ ಅದು ಕಂಡೂ ಕಾಣದಷ್ಟಿತ್ತು. ಜೊತೆಗೆ ಮೆಣಸಿನ ಪೈಪರಿನ್ 20 ಮಿ.ಗ್ರಾಂ. ಕೊಟ್ಟಾಗ ದೊರೆಯುವ ಪ್ರಮಾಣ 2,000 ಪ್ರತಿಶತದಷ್ಟು ಹೆಚ್ಚಿತು. ಇಂದು ಲೋಕದ ಯಾವ ಮೂಲೆಯಲ್ಲಿ ಅರಿಶಿನದ ಕ್ಯಾಪ್ಸೂಲು ಮಾರಿದರೂ ಡಬ್ಬಿಯ ಮೇಲೆ ಕಾಣುವ ಆ ದೊಡ್ಡ ಅಂಕಿ ಇಲ್ಲಿಂದಲೇ ಹೋದದ್ದು. ಡಬ್ಬಿಯ ಮೇಲೆ ಬರೆಯದೆ ಬಿಟ್ಟಿರುವುದೇನೆಂದರೆ, ಇಲ್ಲದ್ದಕ್ಕೆ ಹತ್ತಿರವಿದ್ದುದು ಇಪ್ಪತ್ತು ಪಟ್ಟು ಹೆಚ್ಚಿದರೂ ಸ್ವಲ್ಪವೇ ಆಗುತ್ತದೆ, ಆ ಏರಿಕೆ ಕಂಡದ್ದೂ ಮೊದಲ ಒಂದು ಗಂಟೆಯ ಆಸುಪಾಸಿನಲ್ಲಿ. ಇನ್ನೊಂದು ಲೆಕ್ಕವನ್ನೂ ಗಮನಿಸಿ. ಅಡುಗೆಯ ಅರಿಶಿನದಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ಶೇ 3. ಹಾಗಾಗಿ ಆ 2 ಗ್ರಾಂ ಪಡೆಯಲು ಅರವತ್ತೈದು ಗ್ರಾಂಗಿಂತ ಹೆಚ್ಚು ಅರಿಶಿನ ಬೇಕು. ಸಾರಿಗೆ ಹಾಕುವ ಚಿಟಿಕೆ ಅರಿಶಿನಕ್ಕೂ ಈ ಕ್ಯಾಪ್ಸೂಲಿಗೂ ಹೋಲಿಕೆಯೇ ಇಲ್ಲ. ಮನೆಯಲ್ಲಿ ನಿತ್ಯ ತಿನ್ನುವ ವಸ್ತುವೇ ಅಲ್ಲವೇ ಎಂಬ ಧೈರ್ಯ ಇಲ್ಲಿ ಸಲ್ಲದು.

ಮನುಷ್ಯರ ಮೇಲೆ ನಡೆದ ಪ್ರಯೋಗಗಳ ಫಲ ಮಿಶ್ರವಾಗಿದೆ. ಆಲ್‌ಝೈಮರ್ ಎಂಬ ಮರೆವಿನ ಕಾಯಿಲೆಯವರಿಗೆ 24 ವಾರ ಕರ್ಕ್ಯುಮಿನ್ ಕೊಟ್ಟ ಪ್ರಯೋಗ 2012ರಲ್ಲಿ ಯಾವ ಲಾಭವನ್ನೂ ತೋರಿಸಲಿಲ್ಲ. ಲಾಸ್ ಏಂಜಲೀಸ್‌ನಲ್ಲಿ 40 ಜನರಿಗೆ, ಹೀರಿಕೆ ಹೆಚ್ಚುವಂತೆ ತಯಾರಿಸಿದ ಕರ್ಕ್ಯುಮಿನ್ ಅಥವಾ ಔಷಧವಿಲ್ಲದ ಹುಸಿಮಾತ್ರೆಯನ್ನು 18 ತಿಂಗಳು ಕೊಟ್ಟ ಪ್ರಯೋಗದಲ್ಲಿ ನೆನಪು ಸುಧಾರಿಸಿತೆಂದು 2018ರಲ್ಲಿ ವರದಿಯಾಯಿತು. ಆದರೆ ಅವರಾರಿಗೂ ಮರೆವಿನ ಕಾಯಿಲೆ ಇರಲಿಲ್ಲ. 2017ರಲ್ಲಿ ಔಷಧ ರಸಾಯನಶಾಸ್ತ್ರಜ್ಞರ ತಂಡವೊಂದು 120ಕ್ಕೂ ಹೆಚ್ಚು ಮಾನವ ಪ್ರಯೋಗಗಳ ಹಿನ್ನೆಲೆಯಲ್ಲಿ ಕರ್ಕ್ಯುಮಿನ್‌ನ ರಸಾಯನವನ್ನು ಪರಿಶೀಲಿಸಿ, ಹುಸಿಮಾತ್ರೆಯೊಡನೆ ಹೋಲಿಸಿದ ಕಟ್ಟುನಿಟ್ಟಾದ ಪ್ರಯೋಗ ಒಂದೂ ಗೆದ್ದಿಲ್ಲ ಎಂದು ಬರೆಯಿತು. ನನಗೆ ಆ ತೀರ್ಪು ತುಸು ಕಟುವೆನಿಸಿದರೂ ತಳ್ಳಿಹಾಕುವಂಥದ್ದಲ್ಲ.

ಅಪಾಯದ ಕಡೆ ನೋಡಿದರೆ, ಔಷಧಗಳಿಂದ ಯಕೃತ್ತಿಗೆ ಆಗುವ ಹಾನಿಯನ್ನು ದಾಖಲಿಸುವ ಅಮೆರಿಕದ ವೈದ್ಯರ ಜಾಲವೊಂದು ಅರಿಶಿನದ ಪೂರಕಗಳಿಂದ ಯಕೃತ್ತು ಕೆಟ್ಟ 10 ಪ್ರಕರಣಗಳನ್ನು 2022ರಲ್ಲಿ ವಿವರಿಸಿತು. ಅವರಲ್ಲಿ ಐವರು ಆಸ್ಪತ್ರೆ ಸೇರಿದರು, ಒಬ್ಬರು ತೀರಿಕೊಂಡರು. ಇದು ಅಪರೂಪವೇ, ಒಂದು ನಿರ್ದಿಷ್ಟ ಜೀನ್ ಇರುವವರಲ್ಲಿಯೇ ಹೆಚ್ಚು ಕಂಡಿದೆ. ಆದರೆ ಪೈಪರಿನ್ ಮಾಡುವ ಕೆಲಸವೇ ಔಷಧಗಳನ್ನು ಒಡೆಯುವ ಕಿಣ್ವಗಳಿಗೆ ಅಡ್ಡಿಪಡಿಸುವುದು. ಅದು ಕರ್ಕ್ಯುಮಿನ್‌ಗೂ ಮಾತ್ರೆಗಳಿಗೂ ಭೇದ ಮಾಡುವುದಿಲ್ಲ. ಬಿ.ಪಿ.ಯ ಪ್ರೊಪ್ರನೊಲಾಲ್, ಉಬ್ಬಸದ ಥಿಯೊಫಿಲಿನ್, ಫಿಟ್ಸ್‌ನ ಫೆನಿಟಾಯಿನ್‌ಗಳ ರಕ್ತಮಟ್ಟ ಇದರಿಂದ ಏರುವುದು ಮನುಷ್ಯರಲ್ಲಿಯೇ ಕಂಡಿದೆ. ಹಲವು ಮಾತ್ರೆ ನುಂಗುವ ಹಿರಿಯರಿಗೆ ಈ ಕ್ಯಾಪ್ಸೂಲನ್ನು ನಾನು ಶಿಫಾರಸು ಮಾಡಲಾರೆ.

ಅಶ್ವಗಂಧದ ಬಗ್ಗೆ ಒಂದು ಒಳ್ಳೆಯ ಭಾರತೀಯ ಸಂಶೋಧನೆ ಇದೆ. ಹರಿಯಾಣದ ಮಾನೇಸರ್‌ನ ರಾಷ್ಟ್ರೀಯ ಮೆದುಳು ಸಂಶೋಧನಾ ಕೇಂದ್ರದಲ್ಲಿದ್ದು ಬಳಿಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ವಿಜಯಲಕ್ಷ್ಮಿ ರವೀಂದ್ರನಾಥ್ ಅವರ ತಂಡ, ಆಲ್‌ಝೈಮರ್ ಬರುವಂತೆ ಮಾರ್ಪಡಿಸಿದ ಇಲಿಗಳಿಗೆ ಬೇರಿನ ಸಾರವನ್ನು 30 ದಿನ ಬಾಯಿಯ ಮೂಲಕ ಕೊಟ್ಟಾಗ ಅವುಗಳ ನೆನಪು ಮರಳಿತು, ಮೆದುಳಿನಲ್ಲಿ ಕೂಡಿದ್ದ ಅಮಿಲಾಯ್ಡ್ ಎಂಬ ಪ್ರೋಟೀನು ಕಡಿಮೆಯಾಯಿತು ಎಂದು 2012ರಲ್ಲಿ ಪ್ರಕಟಿಸಿತು. ಸ್ವಾರಸ್ಯವೆಂದರೆ ಅದು ಕೆಲಸ ಮಾಡಿದ್ದು ಯಕೃತ್ತಿನಲ್ಲಿ: ಅಲ್ಲಿನ ಒಂದು ಗ್ರಾಹಕವನ್ನು ಹೆಚ್ಚಿಸಿ, ರಕ್ತದಿಂದ ಅಮಿಲಾಯ್ಡನ್ನು ಸೆಳೆದುಕೊಳ್ಳುವಂತೆ ಮಾಡಿ, ಮೆದುಳಿನದು ತಾನಾಗಿ ಹರಿದುಹೋಗಲು ದಾರಿ ಮಾಡಿತ್ತು. ಅಚ್ಚುಕಟ್ಟಾದ ಕೆಲಸ, ಆದರೆ ಇಲಿಗಳಲ್ಲಿ ಆದದ್ದು. ಅಶ್ವಗಂಧದಿಂದಲೂ ಯಕೃತ್ತಿಗೆ ಹಾನಿಯಾದ ವರದಿಗಳಿವೆ, ಥೈರಾಯ್ಡ್ ಹಾರ್ಮೋನು ಏರುವುದುಂಟು. ಡೆನ್ಮಾರ್ಕ್ 2023ರಲ್ಲಿ ಅದನ್ನು ನಿಷೇಧಿಸಿತು.

ಬ್ರಾಹ್ಮಿ ಎಂದು ನಿಮಗೆ ಕೊಟ್ಟಿರುವುದು ನೀರುಬ್ರಾಹ್ಮಿಯೋ ಒಂದೆಲಗವೋ ನೋಡಿಕೊಳ್ಳಿ, ಎರಡೂ ಬೇರೆ ಗಿಡಗಳು. 12 ವಾರಗಳ ಕೆಲವು ಪ್ರಯೋಗಗಳಲ್ಲಿ ನೀರುಬ್ರಾಹ್ಮಿ ಸೇವಿಸಿದ ಆರೋಗ್ಯವಂತರು ಪದಪಟ್ಟಿಗಳನ್ನು ಸ್ವಲ್ಪ ಚೆನ್ನಾಗಿ ನೆನಪಿಸಿಕೊಂಡರು; ಕೆಲವರಿಗೆ ಹೊಟ್ಟೆ ಕೆಟ್ಟಿತು. ಊಟದ ಜೊತೆ ಒಂದೆಲಗದ ತಂಬುಳಿ ಮಾಡಿಕೊಡಲು ನನ್ನ ಅಡ್ಡಿಯೇನಿಲ್ಲ.

ಇವೆಲ್ಲಕ್ಕಿಂತ ಹಿಂದಿನ ಒಂದು ಪ್ರಶ್ನೆ ಇದೆ. ಉರಿಯೂತ ತಗ್ಗಿಸಿದರೆ ಮೆದುಳಿಗೆ ಒಳ್ಳೆಯದೇ ಆಗುತ್ತದೆ ಎಂಬುದು ಸಿದ್ಧವಾಗಿದೆಯೇ? ಉರಿಯೂತ ನಿವಾರಕ ನೋವಿನ ಮಾತ್ರೆಗಳು ಆಲ್‌ಝೈಮರನ್ನು ತಡೆಯುತ್ತವೆ ಎಂಬ ನಿರೀಕ್ಷೆ ಪ್ರಯೋಗದಲ್ಲಿ ನಿಲ್ಲಲಿಲ್ಲ. ಮೈಕ್ರೋಗ್ಲಿಯಾಗಳನ್ನು ಶಾಂತಗೊಳಿಸುವ ಮಿನೊಸೈಕ್ಲಿನನ್ನು ಎ.ಎಲ್.ಎಸ್. ಎಂಬ ನರರೋಗದ 412 ಜನರಲ್ಲಿ ಪರೀಕ್ಷಿಸಿದಾಗ, ಅದನ್ನು ಪಡೆದವರೇ ಬೇಗ ಕುಸಿದರೆಂದು 2007ರಲ್ಲಿ ತಿಳಿಯಿತು. 2025ರ ನವೆಂಬರಿನಲ್ಲಿ, ತೂಕವನ್ನೂ ಉರಿಯೂತವನ್ನೂ ಇಳಿಸುವ ಸೆಮಾಗ್ಲುಟೈಡ್ ಮಾತ್ರೆಯ ಎರಡು ದೊಡ್ಡ ಪ್ರಯೋಗಗಳ ಫಲ ಬಂತು. ಆಲ್‌ಝೈಮರ್‌ಗೆ ಸಂಬಂಧಿಸಿದ ಪ್ರಯೋಗಾಲಯದ ಸೂಚಕಗಳು ಸುಧಾರಿಸಿದರೂ ರೋಗಿಗಳ ಇಳಿಮುಖ ನಿಧಾನವಾಗಲಿಲ್ಲ. ಸೂಚಕ ಸುಧಾರಿಸುವುದೇ ಒಂದು, ಮನುಷ್ಯ ಸುಧಾರಿಸುವುದೇ ಇನ್ನೊಂದು. ಗಿಡಮೂಲಿಕೆಗಳ ಪ್ರಚಾರ ನಿಂತಿರುವುದು ಬಹುಪಾಲು ಮೊದಲನೆಯದರ ಮೇಲೆ.

ಅಮ್ಮನಿಗೆ ಮೊದಲು ವಿಟಮಿನ್ ಬಿ12 ಮತ್ತು ಥೈರಾಯ್ಡ್ ಪರೀಕ್ಷೆ ಮಾಡಿಸಿ. ಅವರು ಸಸ್ಯಾಹಾರಿಯಾಗಿದ್ದರಂತೂ ಬಿ12 ಕೊರತೆಯ ಸಾಧ್ಯತೆ ಹೆಚ್ಚು. ಕಿವಿ ಮಂದವಾಗಿದೆಯೇ, ಮನಸ್ಸು ಕುಗ್ಗಿದೆಯೇ ನೋಡಿ. ಇವುಗಳಿಂದಾದ ಮರೆವಿಗೆ ಚಿಕಿತ್ಸೆ ಇದೆ, ಮತ್ತು ಅದು ಆ ಮೂರು ಡಬ್ಬಿಗಳಿಗಿಂತ ಅಗ್ಗ.

ಪ್ರಶ್ನೆ: ಅಲೋಪಥಿಯವರಿಗೆ ಗಿಡಮೂಲಿಕೆ ಎಂದರೆ ಅಸಡ್ಡೆ. ಸರ್ಪಗಂಧದಿಂದ ಬಿ.ಪಿ. ಇಳಿಯುವುದಿಲ್ಲವೇ? (ಚಿಕ್ಕಮಗಳೂರು)

ಉತ್ತರ: ಇಳಿಯುತ್ತದೆ, ಮತ್ತು ಅದನ್ನು ಜಗತ್ತಿಗೆ ಒಪ್ಪಿಸಿದವರು ಅಲೋಪಥಿ ವೈದ್ಯರೇ. 1931ರಲ್ಲಿ ಕಲ್ಕತ್ತೆಯ ಗಣನಾಥ ಸೇನ್ ಮತ್ತು ಕಾರ್ತಿಕ ಬೋಸ್ ಈ ಬೇರಿನ ಬಿ.ಪಿ. ಇಳಿಸುವ ಗುಣದ ಬಗ್ಗೆ ಬರೆದರು. ಅದೇ ವರ್ಷ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದೀಕಿ ಅದರಿಂದ ಬೇರ್ಪಡಿಸಿದ ಒಂದು ಸತ್ವಕ್ಕೆ ಹಕೀಂ ಅಜ್ಮಲ್ ಖಾನರ ನೆನಪಿಗಾಗಿ ಅಜ್ಮಲೀನ್ ಎಂದು ಹೆಸರಿಟ್ಟರು. ಮುಂಬಯಿಯ ರುಸ್ತುಂ ಜಾಲ್ ವಕೀಲರು 50 ರೋಗಿಗಳಲ್ಲಿ ಕಂಡ ಫಲವನ್ನು 1949ರಲ್ಲಿ ಬ್ರಿಟಿಷ್ ಹೃದಯ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದ ಮೇಲೆ ಪಶ್ಚಿಮದವರು ಎಚ್ಚೆತ್ತರು. ವಕೀಲರಿಗೆ 1957ರಲ್ಲಿ ಅಮೆರಿಕದ ಲಾಸ್ಕರ್ ಪ್ರಶಸ್ತಿ ಸಂದಿತು. ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ರಸಾಯನಶಾಸ್ತ್ರಜ್ಞರು 1952ರಲ್ಲಿ ರಿಸರ್ಪಿನ್ ಎಂಬ ಮುಖ್ಯ ಸತ್ವವನ್ನು ಬೇರ್ಪಡಿಸಿದರು. ಬಿ.ಪಿ. ಇಳಿಸಿದರೆ ಜೀವ ಉಳಿಯುತ್ತದೆ ಎಂಬುದನ್ನು ಮೊದಲಿಗೆ ಸಾಧಿಸಿ ತೋರಿಸಿದ 1967ರ ಅಮೆರಿಕದ ಮಾಜಿ ಸೈನಿಕರ ಪ್ರಯೋಗದಲ್ಲಿ ಬಳಸಿದ ಮೂರು ಔಷಧಗಳಲ್ಲಿ ರಿಸರ್ಪಿನ್ ಒಂದು. 143 ಗಂಡಸರಲ್ಲಿ ಹುಸಿಮಾತ್ರೆ ಪಡೆದವರಲ್ಲಿ 27 ಗಂಭೀರ ಅವಘಡಗಳಾದರೆ ಔಷಧ ಪಡೆದವರಲ್ಲಿ ಆದದ್ದು ಎರಡು. ಭಾರತದ ಒಂದು ಬೇರು ಇಷ್ಟು ದೂರ ಹೋದ ಕಥೆ ನಮ್ಮ ಪಠ್ಯಪುಸ್ತಕಗಳಲ್ಲಿ ಇನ್ನೂ ದೊಡ್ಡದಾಗಿ ಇರಬೇಕಿತ್ತು.

ರಿಸರ್ಪಿನ್ ಕೆಲಸ ಮಾಡುವುದು ನರಗಳ ತುದಿಯಲ್ಲಿ ನಾರ್‌ಅಡ್ರಿನಲಿನ್ ಮೊದಲಾದ ವಸ್ತುಗಳ ದಾಸ್ತಾನನ್ನು ಬರಿದು ಮಾಡಿ. ಅದು ಮೆದುಳಿನೊಳಗೂ ಹೋಗುವುದರಿಂದ ಹೆಚ್ಚಿನ ಪ್ರಮಾಣದಲ್ಲಿ ಕೊಟ್ಟಾಗ ಕೆಲವರಿಗೆ ಮಂಪರು, ಮೂಗು ಕಟ್ಟುವುದು, ತೀವ್ರ ಖಿನ್ನತೆ ಕಾಣಿಸಿಕೊಂಡಿತು. ಸುರಕ್ಷಿತ ಮಾತ್ರೆಗಳು ಬಂದಂತೆ ಅದು ಹಿಂದೆ ಸರಿಯಿತು. ಬೇರನ್ನೇ ಪುಡಿಮಾಡಿ ತಿಂದರೆ ಎಷ್ಟು ರಿಸರ್ಪಿನ್ ಹೊಟ್ಟೆಗೆ ಹೋಯಿತೆಂದು ತಿಳಿಯುವ ಬಗೆಯಿಲ್ಲ. ಮೇಲಾಗಿ ಸರ್ಪಗಂಧ ಕಾಡಿನಲ್ಲಿ ವಿರಳವಾಗುತ್ತಿದ್ದು, ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧವಿದೆ.

ಗಿಡದಿಂದ ಬಿ.ಪಿ. ಏರುವುದೂ ಉಂಟು ಎಂಬುದನ್ನು ಸೇರಿಸುತ್ತೇನೆ. ಕೆಮ್ಮಿಗೆ, ಗಂಟಲಿಗೆ ಜಗಿಯುವ ಜ್ಯೇಷ್ಠಮಧುವಿನಲ್ಲಿರುವ ಗ್ಲಿಸಿರೈಜಿನ್ ಎಂಬ ವಸ್ತು, ಮೂತ್ರಪಿಂಡದಲ್ಲಿ ಕಾರ್ಟಿಸಾಲ್ ಎಂಬ ಹಾರ್ಮೋನನ್ನು ನಿಷ್ಕ್ರಿಯಗೊಳಿಸುವ ಕಿಣ್ವವನ್ನು ತಡೆಯುತ್ತದೆ. ಆಗ ಕಾರ್ಟಿಸಾಲ್ ಆಲ್ಡೊಸ್ಟಿರೋನಿನಂತೆ ವರ್ತಿಸಿ ಉಪ್ಪನ್ನು ಹಿಡಿದಿಟ್ಟು ಪೊಟ್ಯಾಸಿಯಮ್ಮನ್ನು ಹೊರದೂಡುತ್ತದೆ. ದಿನಕ್ಕೆ ಕೇವಲ 100 ಮಿ.ಗ್ರಾಂ. ಗ್ಲಿಸಿರೈಜಿಕ್ ಆಮ್ಲದಿಂದ ಮೇಲಿನ ಅಂಕಿ ಸರಾಸರಿ 3.1 ಮಿಲಿಮೀಟರ್ ಏರಿದ್ದನ್ನು ಸ್ವೀಡನ್ನಿನ ಸಂಶೋಧಕರು 2024ರಲ್ಲಿ ತೋರಿಸಿದ್ದಾರೆ. ಬಿ.ಪಿ. ಇರುವವರು ಅದನ್ನು ನಿತ್ಯದ ಅಭ್ಯಾಸ ಮಾಡಿಕೊಳ್ಳಬಾರದು.

ಪ್ರಶ್ನೆ: ನಾನು ಅಮೆರಿಕದಲ್ಲಿದ್ದೇನೆ, ಅಪ್ಪ ಅಮ್ಮ ಹಾಸನದಲ್ಲಿದ್ದಾರೆ. ಇಬ್ಬರಿಗೂ ಬಿ.ಪಿ., ಇಬ್ಬರೂ ದಪ್ಪ. ಅವರ ಮೆದುಳು ಚೆನ್ನಾಗಿರಲು ಇಲ್ಲಿಂದ ಏನಾದರೂ ಪೂರಕ ಕಳಿಸಲೇ? (ಡಲ್ಲಾಸ್)

ಉತ್ತರ: ತೋಳಿಗೆ ಕಟ್ಟುವ ಒಂದು ಒಳ್ಳೆಯ ಬಿ.ಪಿ. ಯಂತ್ರವನ್ನು, ಅವರ ತೋಳಿನ ಅಳತೆಯ ಪಟ್ಟಿಯೊಂದಿಗೆ ಕಳಿಸಿ. ಮನುಷ್ಯರ ಮೆದುಳನ್ನು ಕಾಪಾಡುತ್ತದೆಂದು ದೊಡ್ಡ ಪ್ರಯೋಗಗಳಲ್ಲಿ ನಿಂತಿರುವ ಕೆಲವೇ ಉಪಾಯಗಳಲ್ಲಿ ಬಿ.ಪಿ. ಇಳಿಸುವುದು ಮುಖ್ಯವಾದದ್ದು. ಅಮೆರಿಕದಲ್ಲಿ 9,361 ಜನರ ಮೇಲೆ ನಡೆದ ಸ್ಪ್ರಿಂಟ್ ಪ್ರಯೋಗದಲ್ಲಿ ಮೇಲಿನ ಅಂಕಿಯನ್ನು 140ರ ಬದಲು 120ಕ್ಕಿಂತ ಕೆಳಗಿರಿಸಲು ಯತ್ನಿಸಿದವರಲ್ಲಿ, ಬುದ್ಧಿಶಕ್ತಿಯ ಸೌಮ್ಯ ಕುಂದಿಕೆ ಶೇ 19 ಕಡಿಮೆಯಾಯಿತೆಂದು 2019ರಲ್ಲಿ ಪ್ರಕಟವಾಯಿತು. ಪೂರ್ಣ ಮರೆವಿನ ಕಾಯಿಲೆಯ ಇಳಿಕೆ ಮಾತ್ರ ಅಂದು ಖಚಿತವಾಗಿರಲಿಲ್ಲ. ಆ ಕೊರತೆಯನ್ನು ತುಂಬಿದ್ದು ಚೀನಾದ 326 ಹಳ್ಳಿಗಳಲ್ಲಿ 33,995 ಜನರ ಮೇಲೆ ನಡೆದು 2025ರಲ್ಲಿ ಪ್ರಕಟವಾದ ಪ್ರಯೋಗ. ಅಲ್ಲಿ ಅಲ್ಪ ತರಬೇತಿಯ ಹಳ್ಳಿ ವೈದ್ಯರೇ ಸಾಮಾನ್ಯ ಮಾತ್ರೆಗಳನ್ನೇ ಕೊಟ್ಟು, ಮನೆಯಲ್ಲಿ ಬಿ.ಪಿ. ನೋಡಿಕೊಳ್ಳಲು ಕಲಿಸಿ, 130/80ಕ್ಕಿಂತ ಕೆಳಗೆ ತರಲು ಬೆನ್ನುಬಿದ್ದರು. ನಾಲ್ಕು ವರ್ಷಗಳಲ್ಲಿ ಮರೆವಿನ ಕಾಯಿಲೆ ಶೇ 15 ಕಡಿಮೆಯಾಯಿತು. ಯಾವ ಸಸ್ಯಸತ್ವಕ್ಕೂ ಇಂಥ ಸಾಕ್ಷ್ಯ ಇಂದಿಗೆ ಇಲ್ಲ.

ಜೊತೆಗೆ ಅಡುಗೆಮನೆಯ ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಎಂದರೆ ಸಮನಾದ ಒಂದು ಟೀ ಚಮಚದೊಳಗೆ ಸಾರು, ಪಲ್ಯ, ಉಪ್ಪಿನಕಾಯಿ, ಹಪ್ಪಳ, ಬೇಕರಿಯ ಖಾರ ಎಲ್ಲವೂ ಸೇರಿ. ಕಾಲು ಭಾಗ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿದ ಉಪ್ಪನ್ನು ಚೀನಾದ 600 ಹಳ್ಳಿಗಳಲ್ಲಿ ಬಳಸಿದಾಗ ಪಾರ್ಶ್ವವಾಯು ಶೇ 14 ಇಳಿದದ್ದು 2021ರ ಫಲಿತಾಂಶ. ಆದರೆ ನಿಮ್ಮ ತಂದೆತಾಯಿ ಟೆಲ್ಮಿಸಾರ್ಟನ್, ಲೋಸಾರ್ಟನ್, ಸ್ಪೈರೊನೊಲ್ಯಾಕ್ಟೋನ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅಥವಾ ಮೂತ್ರಪಿಂಡದ ತೊಂದರೆ ಇದ್ದರೆ ರಕ್ತದ ಪೊಟ್ಯಾಸಿಯಂ ಅಪಾಯಕ್ಕೆ ಏರಬಹುದಾದ್ದರಿಂದ ವೈದ್ಯರನ್ನು ಕೇಳದೆ ಆ ಉಪ್ಪನ್ನು ತರಿಸಬೇಡಿ.

ಪ್ರಶ್ನೆ: ತೂಕ ಇಳಿಸುವ ಚುಚ್ಚುಮದ್ದು ಶುರುಮಾಡಿ ಐದು ತಿಂಗಳಲ್ಲಿ 11 ಕೆ.ಜಿ. ಇಳಿದಿದ್ದೇನೆ. ಬಿ.ಪಿ. ಈಗ 112/70. ಮಾತ್ರೆ ನಿಲ್ಲಿಸಬಹುದೇ? (ಮೈಸೂರು)

ಉತ್ತರ: ಕಡಿಮೆ ಮಾಡುವ ಹೊತ್ತು ಬಂದಿರಬಹುದು, ಆದರೆ ನೀವಾಗಿಯೇ ಮಾಡಬೇಡಿ. ಇಂಥ ಚುಚ್ಚುಮದ್ದುಗಳಲ್ಲೊಂದಾದ ಸೆಮಾಗ್ಲುಟೈಡ್‌ನ ಮುಖ್ಯ ಪ್ರಯೋಗದಲ್ಲಿ 68 ವಾರಗಳಿಗೆ ತೂಕ ಸರಾಸರಿ ಶೇ 15ರಷ್ಟು, ಮೇಲಿನ ಅಂಕಿ ಸುಮಾರು 6 ಮಿಲಿಮೀಟರ್ ಇಳಿದಿತ್ತು. ಮದ್ದು ನಿಲ್ಲಿಸಿ ಒಂದು ವರ್ಷವಾದಾಗ ಇಳಿದ ತೂಕದ ಮೂರರಲ್ಲಿ ಎರಡು ಭಾಗ ಮರಳಿತು, ಬಿ.ಪಿ.ಯೂ ಮೊದಲಿನ ಕಡೆಗೇ ಹೋಯಿತು. ಬೆಳಿಗ್ಗೆ ಮಾತ್ರೆಗೆ ಮೊದಲು ಮತ್ತು ರಾತ್ರಿ ಮಲಗುವ ಮುನ್ನ, ಒಂದು ವಾರ ಎರಡೆರಡು ಬಾರಿ ಅಳೆದು ಬರೆದಿಟ್ಟುಕೊಳ್ಳಿ. ಎದ್ದು ನಿಂತ ಒಂದು ನಿಮಿಷಕ್ಕೆ ಮತ್ತೊಮ್ಮೆ ನೋಡಿ. ಏಳುವಾಗ ಕಣ್ಣು ಕತ್ತಲಿಟ್ಟರೆ, ಅಥವಾ ವಾಂತಿಯಾಗಿ ಊಟ ನೀರು ಸೇರದಿದ್ದರೆ, ಮೂತ್ರ ಹೆಚ್ಚಿಸುವ ಮಾತ್ರೆಯ ಬಗ್ಗೆ ಅದೇ ದಿನ ವೈದ್ಯರಿಗೆ ಫೋನ್ ಮಾಡಿ. ನಿಮ್ಮ ಮಾತ್ರೆ ಮೆಟೊಪ್ರೊಲಾಲ್, ಅಟೆನೊಲಾಲ್ ಅಥವಾ ಕ್ಲೋನಿಡಿನ್ ಆಗಿದ್ದರೆ ಹಠಾತ್ತನೆ ಬಿಡುವುದು ಅಪಾಯ. ಅವನ್ನು ದಿನಗಳ ಮೇಲೆ ಹಂತಹಂತವಾಗಿ ಇಳಿಸಬೇಕು, ಮತ್ತು ಆ ಲೆಕ್ಕವನ್ನು ನಿಮ್ಮ ವೈದ್ಯರೇ ಬರೆದುಕೊಡಬೇಕು.